ಕೆಂಚಿ ಕೆರೆದ ಹಗೇವು

ತಮ್ಮನ ಮಗ ಮಲ್ಲು ಹುಮನಾಬಾದಿಗೆ ಫೋನು ಮಾಡಿ, "ಅತ್ತೀ, ದನದ ಕೊಟಗಿಗಿ ಫರಸಿ ಹಾಕ್ಸಾಕತ್ತೇವಿ. ನೆಲ ಅಗದ್ರ ಕೆಳಗ ಒಂದು ಬಾಯಿ ಸಿಕ್ಕದ. ಬಾವಿ ಇದ್ದಂಗ ಕಾಣಸ್ತದ, ಆದ್ರ ನೀರಿಲ್ಲ" ಎಂದಾಗ ನಾನು ಮೊದಲು ಕೇಳಿದ್ದು, "ಯಾರರ ಒಳಗ ಇಳದಾರೇನು?" ಎಂದು. ಇನ್ನೂ ಇಲ್ಲ, ನಾಳೆ ಇಳಿಯುತ್ತಾರೆ ಎಂದ. "ನಾ ಬರೂತನಕ ಯಾರೂ ಇಳೀಬ್ಯಾಡ್ರಿ. ಬಾಯಿ ಮುಚ್ಚಲೂಬ್ಯಾಡ್ರಿ" ಎಂದೆ. ಹೂಂ ಎಂದ. ನಾನು ನಂಬಲಿಲ್ಲ. ಯಾರ ಹೂಂ ಅನ್ನೂ ನಾನು ಸುಲಭಕ್ಕೆ ನಂಬುವವಳಲ್ಲ, ಹಾಲಿನವಳ ಎದುರೇ ಹಾಲಿಗೆ ಬೆರಳದ್ದಿ ನೋಡುವವಳು. ಮರುದಿನ ಮೊದಲ ಬಸ್ಸಿಗೇ ಬಸವಕಲ್ಯಾಣಕ್ಕೆ ಬಂದು, ಅಲ್ಲಿಂದ ಟಂಟಂ ಹಿಡಿದು ಮೋರಖಂಡಿಯ ತವರುಮನೆ ಸೇರಿದೆ.

ಕೊಟ್ಟಿಗೆಯ ಹೊಸ್ತಿಲು ದಾಟುವ ಮೊದಲೇ ಆ ವಾಸನೆ ಮೂಗಿಗೆ ಬಡಿಯಿತು. ಹಳೇ ಜೋಳ, ಕೊಳೆತ ಹುಲ್ಲು, ಬಹುಕಾಲ ಗಾಳಿ ಕಾಣದ ಮಣ್ಣು, ಎಲ್ಲ ಸೇರಿದ ಒಂದು ಕಮಟು. ಮಲ್ಲುವಿನ ಇಬ್ಬರು ಹೆಣ್ಣುಮಕ್ಕಳು ಬಾಯಿಯ ಅಂಚಿಗೆ ಬೋರಲು ಮಲಗಿ ಒಳಗೆ ಬ್ಯಾಟರಿ ಬಿಡುತ್ತಿದ್ದರು. "ಆಯೀ, ತಳ ಕಾಣಾಕತ್ತದ, ಏನೂ ಇಲ್ಲ, ಇಳೀಬಹುದು" ಎಂದಳು ದೊಡ್ಡವಳು. ಆಯಿ ಎಂದರೆ ನಮ್ಮಲ್ಲಿ ಅಜ್ಜಿ. ನಾನು ಇಬ್ಬರನ್ನೂ ರಟ್ಟೆ ಹಿಡಿದು ಹಿಂದಕ್ಕೆಳೆದೆ. "ಬ್ಯಾಟರಿಗಿ ಉಸಿರಾಡೂದು ಗೊತ್ತಿಲ್ಲ. ಒಂದು ದೀಪ ತರ್ರಿ, ಉದ್ದನ ಹಗ್ಗ ತರ್ರಿ." ಈಗಿನ ಮನೆಯಲ್ಲಿ ದೀಪವೆಂದರೆ ದೇವರ ಮುಂದಿನ ಬೆಳ್ಳಿಯದೊಂದೇ, ಅದನ್ನು ಸೊಸೆ ಕೊಡಲೊಲ್ಲಳು. ಹಣತೆ ಹುಡುಕಲು ಎಲ್ಲರೂ ಒಳಗೆ ಹೋದರು. ನಾನು ಗೋದಲಿಯ ಕಟ್ಟೆಯ ಮೇಲೆ ಕೂತೆ.

ನಿಜಾಮರ ಆಳ್ವಿಕೆಯ ಕೊನೆಯ ಮಳೆಗಾಲ ಅದು. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷವಾಗುತ್ತ ಬಂದಿತ್ತು, ನಮ್ಮ ಕಡೆಗೆ ಬಂದಿರಲಿಲ್ಲ. ಬಸವಕಲ್ಯಾಣಕ್ಕೆ ಆಗ ಎಲ್ಲರೂ ಕಲ್ಯಾಣಿ ಎನ್ನುತ್ತಿದ್ದರು. ನನಗೆ ಒಂಬತ್ತೋ ಹತ್ತೋ ವರ್ಷ, ತಮ್ಮ ಇನ್ನೂ ಹುಟ್ಟಿರಲಿಲ್ಲ. ನಿಜಾಮರ ಕಡೆಯ ಗುಂಪಿನವರು ಆ ಊರು ಸುಲಿದರಂತೆ, ಈ ಊರಿನ ಬಣವೆ ಸುಟ್ಟರಂತೆ ಎಂದು ದಿನಕ್ಕೊಂದು ಸುದ್ದಿ. ಸುದ್ದಿ ತಂದವನು ಹೋದ ಮೇಲೆ, ಅವನು ಯಾಕೆ ತಂದ ಎಂಬ ಇನ್ನೊಂದು ಚರ್ಚೆ. ನಮ್ಮಪ್ಪ ಶರಣಪ್ಪ ಮೊದಲಿನಿಂದಲೂ ಸಂಶಯದ ಮನುಷ್ಯ. ಆ ವರ್ಷ ಊರಿಗೆ ಊರೇ ಅವನ ಹಾಗಾಯಿತು.

ಬೇಸಿಗೆಯ ಹೊತ್ತಿಗೇ ಅಪ್ಪ ಮನೆಯ ಬಿಳಿಜೋಳವನ್ನೆಲ್ಲ ಹಗೇವಿಗೆ ಸುರಿದಿದ್ದ. ಹಗೇವು ಎಂದರೆ ಕಾಳು ಇಡಲು ನೆಲದೊಳಗೆ ತೋಡಿದ ಕಣಜ. ಮೇಲೆ ಒಬ್ಬ ಮನುಷ್ಯ ನುಸುಳುವಷ್ಟು ಬಾಯಿ, ಒಳಗೆ ಒಂದು ಕೋಣೆಯಷ್ಟು ಹೊಟ್ಟೆ. ಬಹಳ ಮನೆಗಳಲ್ಲಿ ಅದು ಅಂಗಳದಲ್ಲೋ ಬೀದಿಯಲ್ಲೋ ಇರುತ್ತಿತ್ತು. ನಮ್ಮದು ಕೊಟ್ಟಿಗೆಯ ಮೂಲೆಯಲ್ಲಿ, ಬೇವಿನ ಚೌಕಟ್ಟು ಕೂಡಿಸಿದ್ದು. ಅಪ್ಪ ಅದರ ಮೇಲೆ ಕಲ್ಲು ಎಳೆದು, ಮಣ್ಣು ಮೆತ್ತಿ, ಸೆಗಣಿ ಸಾರಿಸಿ, ಅದರ ಮೇಲೆ ಎಮ್ಮೆ ಕಟ್ಟಿದ. "ಇಲ್ಲಿ ಹಗೇವು ಅದ ಅಂತ ಬಾಯಿ ಬಿಟ್ರ ನಾಲಿಗಿ ಕೊಯ್ತೀನಿ" ಎಂದು ನನಗೆ ಹೇಳಿದ. ಅವ್ವನಿಗೂ ಅದೇ ಮಾತು ಹೇಳಿದ.

ನಮ್ಮ ಪಕ್ಕದ ಮನೆ ಮೌಲಾಸಾಬನದು. ಹತ್ತಿ ಹಿಂಜಿ ಗಾದಿ ತುಂಬುವ ಪಿಂಜಾರ, ಅಪ್ಪನ ಓರಗೆಯವನು. ಹೆಗಲ ಮೇಲೆ ದೊಡ್ಡ ಬಿಲ್ಲು ಇಟ್ಟುಕೊಂಡು ಊರೂರು ತಿರುಗುವನು. ಎರಡೂ ಮನೆಗಳ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಕೆಂಡ, ಮಜ್ಜಿಗೆ, ಉಪ್ಪಿನಕಾಯಿ, ಜಗಳ, ಎಲ್ಲ ಅದರಲ್ಲೇ ದಾಟುತ್ತಿದ್ದವು. ಆ ಬೇಸಿಗೆ ಅಪ್ಪ ಕಿಂಡಿಗೆ ಮಣ್ಣು ತುಂಬಿದ. ಮೌಲಾ ಕಾಕಾನ ಹೆಂಡತಿ ಹುಸೇನಬಿ ಕಾಕಿ ಬಾಗಿಲಿಗೇ ಬಂದು ಕೇಳಿದಳು. ಹಾವು ಬರುತ್ತದೆ ಎಂದ ಅಪ್ಪ. ಅವಳು ತಿರುಗಿ ಹೋದಳು.

ಅದಾದ ಕೆಲವೇ ದಿನಕ್ಕೆ ಮೌಲಾ ಕಾಕಾ ಹತ್ತಿರದ ಕೊಹಿನೂರ ಊರಿನಿಂದ ಬರುತ್ತ ನಮ್ಮ ಅಂಗಳದಲ್ಲಿ ಹತ್ತಿಯ ಗಂಟು ಇಳಿಸಿ, "ನೀಲಾ, ಇದರಾಗ ಏನದ ಹೇಳು ನೋಡೂಣು" ಎಂದ. ಗಂಟು ಅಲುಗಾಡುತ್ತಿತ್ತು. ಬಿಚ್ಚಿದರೆ ಬಿಳೀ ಹತ್ತಿಯ ನಡುವೆ ಮಣ್ಣುಬಣ್ಣದ ಒಂದು ಮೂತಿ, ಎರಡು ಪಿಳಿಪಿಳಿ ಕಣ್ಣು. ನರಿಯ ಮರಿ. ತಾಯಿ ದಾರಿಯಲ್ಲೇ ಸತ್ತುಬಿದ್ದಿತ್ತಂತೆ. ಅದು ನನ್ನ ಬೆರಳನ್ನು ಬಾಯಿಗೆ ತೆಗೆದುಕೊಂಡು ಚೀಪಿತು. ಅಲ್ಲಿಗೆ ನನ್ನ ಕತೆ ಮುಗಿಯಿತು. ಕೆಂಚಿ ಎಂದು ಹೆಸರಿಟ್ಟೆ.

ಆಯಿಗೆ, ಅಂದರೆ ಅಪ್ಪನ ತಾಯಿಗೆ, ಹಿಗ್ಗೋ ಹಿಗ್ಗು. ಮುಂಜಾನೆ ಎದ್ದು ನರಿಯ ಮುಖ ನೋಡಿದರೆ ಅದೃಷ್ಟ ಎಂಬುದು ನಮ್ಮಲ್ಲಿ ಎಲ್ಲರೂ ನಂಬಿದ ಮಾತು. "ಲಕ್ಷ್ಮೀನೇ ನಡಕೋತ ಮನೀಗಿ ಬಂದಾಳ" ಎಂದಳು. ಅಪ್ಪ ಮಾತ್ರ ಮರಿಯನ್ನು ಸುತ್ತ ತಿರುಗಿ ನೋಡಿದ. "ನರಿ ಮಾರಿ ಅಷ್ಟು ಛಲೋ ಇದ್ರ ಅಂವ ತನ್ನ ಮನ್ಯಾಗ ಯಾಕ ಇಟ್ಕೊಳ್ಳಲಿಲ್ಲ? ನಮಗ ಯಾಕ ಕೊಟ್ಟ?" ಕೊಡುವುದಕ್ಕೂ ಕಾರಣ ಬೇಕು ಎಂದು ಆವರೆಗೆ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಕೆಂಚಿ ಎಮ್ಮೆಯ ಹಾಲು, ರೊಟ್ಟಿಯ ಚೂರು, ಮಿಡತೆ, ಬಾರೆಹಣ್ಣಿನ ಬೀಜ, ಏನು ಸಿಕ್ಕರೂ ತಿಂದು ಬೆಳೆಯಿತು. ನಾನು ನೀರಿಗೆ ಹೋದರೆ ಹಿಂದೆ, ಹೊಲಕ್ಕೆ ಹೋದರೆ ಮುಂದೆ. ನನ್ನ ಕೌದಿಯ ಕಾಲಕಡೆ ಮಲಗುವುದು. ಕಾಡಿನ ಪ್ರಾಣಿಗೆ ಮನುಷ್ಯರ ಮೇಲೆ ಅಂಜಿಕೆ ಇರಬೇಕು. ಅದಕ್ಕೆ ಇರಲಿಲ್ಲ. ಬಂದವರೆಲ್ಲರ ಕಾಲು ಮೂಸಿ ಬಾಲ ಆಡಿಸುತ್ತಿತ್ತು. ಆ ವರ್ಷ ಊರಲ್ಲಿ ಯಾರ ಮೇಲೂ ಸಂಶಯವಿಲ್ಲದ ಜೀವ ಅದೊಂದೇ ಇತ್ತೇನೋ.

ಮಳೆ ಹಿಡಿದ ಮೇಲೆ ಒಂದು ಹೊಸ ಚಾಳಿ ಶುರುವಾಯಿತು. ಕೊಟ್ಟಿಗೆಯ ಮೂಲೆಗೆ ಹೋಗುವುದು, ಎಮ್ಮೆಯ ಕಾಲಡಿಯ ನೆಲ ಮೂಸುವುದು, ಎರಡೂ ಮುಂಗಾಲಿನಿಂದ ಪರಪರ ಕೆರೆಯುವುದು. ಸರಿಯಾಗಿ ಹಗೇವಿನ ಬಾಯಿಯ ಮೇಲೆಯೇ. ಅಪ್ಪನ ಮುಖ ಕಪ್ಪಿಟ್ಟಿತು. "ಈಗ ತಿಳೀತು. ಕಾಳು ಎಲ್ಲಿ ಅದ ಅಂತ ಹುಡಕಾಕ ಕಲಿಸಿ ಕಳಿಸ್ಯಾನ" ಎಂದ. "ಹತ್ತಿ ಗಂಟಿನ್ಯಾಗ ಕೂಸಿದ್ದಾಗ ಬಂದದ್ದದು, ಏನ್ ಕಲಿಸ್ತಾನ ಅದಕ್ಕ?" ಎಂದು ಆಯಿ ಕೇಳಿದರೆ, "ನಿನಗ ತಿಳಿಯೂದಿಲ್ಲ" ಎಂದ. ನನ್ನ ಕಡೆ ತಿರುಗಿ, "ನಾಗರಪಂಚಮಿ ಆದ ಮ್ಯಾಲ ಇದು ಈ ಮನ್ಯಾಗ ಕಾಣಬಾರದು. ಕಂಡ್ರ ಕೊಡಲಿ ತಗೋತೀನಿ" ಎಂದ. ಅವನು ಆಡಿದ್ದನ್ನು ಮಾಡುವವನೆಂದು ನನಗೆ ಗೊತ್ತಿತ್ತು. ಅಂದಿನಿಂದ ಕೆಂಚಿಯ ಕೊರಳಿಗೆ ಹಗ್ಗ ಬಿತ್ತು. ನಾನು ಅನ್ನ ಬಿಟ್ಟೆ, ಅತ್ತೆ. ಹಬ್ಬ ಹತ್ತಿರ ಬರುತ್ತಿತ್ತು.

ಹಬ್ಬಕ್ಕೆ ಮುಂಚೆಯೇ ಮನೆಯ ಗಡಿಗೆಯಲ್ಲಿ ಜೋಳ ತೀರಿತು. ಹಗೇವಿನೊಳಗೆ ನೀರು ಇಳಿದಿದೆ, ಕಾಳು ಮುಗ್ಗುತ್ತಿದೆ ಎಂದು ಆಯಿ ವಾಸನೆಯ ಮೇಲೇ ಹೇಳಿದಳು. ಹಗೇವು ತೆಗೆಯುವುದಕ್ಕೆ ಒಂದು ಕ್ರಮ ಇದೆ. ಬಾಯಿ ತೆಗೆದು ಒಂದು ದಿನವಾದರೂ ಹಾಗೇ ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದರ್ಥ. ಅದರಲ್ಲೂ ನೀರು ತಾಗಿದ ಕಾಳಿದ್ದರೆ ಕೇಳುವುದೇ ಬೇಡ. ಅಪ್ಪನಿಗೆ ಇದು ಗೊತ್ತಿರಲಿಲ್ಲವೆಂದಲ್ಲ, ಚೆನ್ನಾಗಿಯೇ ಗೊತ್ತಿತ್ತು. ಆದರೆ ದಿನವಿಡೀ ಬಾಯಿ ತೆರೆದಿಟ್ಟರೆ ಯಾರಾದರೂ ನೋಡಿದರೆ? ಬಾಗಿಲು ತೆಗೆಯದೆ ಗಾಳಿ ಆಡುವುದು ಹೇಗೆ, ತೆಗೆದರೆ ಗುಟ್ಟು ಉಳಿಯುವುದು ಹೇಗೆ? ಬೇಗ ತೆಗೆದು, ಬೇಗ ಇಳಿದು, ಬೇಗ ಮುಚ್ಚಿಬಿಡುವುದೆಂದು ಲೆಕ್ಕ ಹಾಕಿದ.

ಒಂದು ಮಧ್ಯಾಹ್ನ, ಜಿಟಿಜಿಟಿ ಮಳೆ. ಆಯಿ ಮುಂಬಾಗಿಲಲ್ಲಿ ಬೇಳೆ ಆರಿಸುವ ನೆಪ ಮಾಡಿ ಕಾವಲು ಕೂತಳು. ಅಪ್ಪ ಅವ್ವ ಕೊಟ್ಟಿಗೆಯ ಅಗಳಿ ಹಾಕಿಕೊಂಡು ಕಲ್ಲು ಸರಿಸಿದರು. ಕೆಂಚಿಯನ್ನು ಗಟ್ಟಿಯಾಗಿ ಹಿಡಿದು ಕೂರುವುದು ನನ್ನ ಕೆಲಸ. ಕಲ್ಲು ಸರಿದದ್ದೇ ತಡ ಅದರಡಿಯ ಬಿಲದಿಂದ ಎರಡು ಇಲಿ ಚಂಗನೆ ಹಾರಿದವು, ಒಂದು ಒಳಗೆ ಬಿತ್ತು. ಅದು ಇಷ್ಟು ದಿನ ಕೆರೆದದ್ದು ಇಲಿಗಾಗಿ! ಕೆಂಚಿ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು, ಅಪ್ಪನ ಕಾಲುಗಳ ನಡುವಿನಿಂದ ನುಗ್ಗಿ ಹಗೇವಿನೊಳಗೆ ಧುಮುಕಿತು.

ಆ ವರ್ಷದ ಕಾಳು ಹಗೇವಿನ ಅರ್ಧಕ್ಕೂ ಬಂದಿರಲಿಲ್ಲ. ಆಳದಲ್ಲಿ ಕೆಂಚಿ ಜೋಳದ ಮೇಲೆ ಬಿದ್ದು, ಎದ್ದು, ಮೂಸಿತು. ನಾಲ್ಕು ಹೆಜ್ಜೆ ಸೊಟ್ಟಸೊಟ್ಟ ನಡೆಯಿತು. ಕಾಲು ಚಾಚಿ ಮಲಗಿತು. ನಾನು ಕೂಗಿದೆ, ಏಳಲಿಲ್ಲ. "ಕಾಳಿನ್ಯಾಗ ಹೊಲಸು ಮಾಡ್ತದ" ಎಂದು ಬೈಯುತ್ತ ಅಪ್ಪ ಧೋತರ ಎತ್ತಿ ಕಟ್ಟಿ ಒಂದು ಕಾಲು ಒಳಗೆ ಇಳಿಬಿಟ್ಟ. ನಾನೂ ಧುಮುಕಲು ಹೋದೆ, ಅವ್ವ ಜಡೆ ಹಿಡಿದಳು. ನನ್ನ ಕಿರುಚಾಟ ಹನ್ನೆರಡು ಮನೆಗೆ ಕೇಳಿರಬೇಕು.

ಹಿತ್ತಲ ಗೋಡೆ ಹಾರಿ, ಕೊಟ್ಟಿಗೆಯ ಬಾಗಿಲು ಒದ್ದು ತೆರೆದು ಬಂದವನು ಮೌಲಾ ಕಾಕಾ. "ಶರಣಪ್ಪಾ, ಕಾಲ ಮ್ಯಾಲ ತಗೀ! ದೀಪ ಇಳಿಸೀಯೇನು?" ಎಂದು ಒದರಿದ. ಕಾಕಾ ಅವನ ರಟ್ಟೆ ಹಿಡಿದು ಎಳೆದುಹಾಕಿದ. ಗೂಟದ ಮೇಲಿದ್ದ ಕೌದಿಯನ್ನು ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟು, ಎತ್ತಿ, ಬಿಟ್ಟು, ಎತ್ತಿ, ಗಾಳಿ ಕದಡಿದ. ಬಾವಿಗೆ ಬಿದ್ದ ಕೊಡ ತೆಗೆಯುವ ಕೊಂಡಿ ತರಿಸಿ ಕೆಂಚಿಯ ಹಗ್ಗಕ್ಕೆ ಸಿಕ್ಕಿಸಿ ಮೇಲೆಳೆದ. ನಾಲಿಗೆ ಹೊರಬಿದ್ದಿತ್ತು. ಹಿತ್ತಲಿನ ಮಳೆಯಲ್ಲಿ ಮಲಗಿಸಿ ಅದರ ಪಕ್ಕೆ ತಿಕ್ಕುತ್ತ ಕೂತ. ನಾನು ಎಲ್ಲ ದೇವರಿಗೂ ಹರಕೆ ಹೊತ್ತೆ, ಕಾಕಾನ ದೇವರಿಗೂ. ಬಹಳ ಹೊತ್ತಾದ ಮೇಲೆ ಕೆಂಚಿ ಸೀನಿತು.

ಅಪ್ಪನ ಮೊದಲ ಮಾತು ಇದು: "ಇಲ್ಲಿ ಹಗೇವು ಅದ ಅಂತ ನಿನಗ ಹ್ಯಾಂಗ ಗೊತ್ತು?"

ಕಾಕಾ ಅವನನ್ನು ನೋಡಿ ನಕ್ಕುಬಿಟ್ಟ. "ಅರೇ, ಇದನ್ನ ತೋಡಿದಂವ ನಮ್ಮಪ್ಪ. ನಿಮ್ಮಪ್ಪ ಮ್ಯಾಲ ನಿಂತು ಮಣ್ಣಿನ ಬುಟ್ಟಿ ಎಳೀತಿದ್ದ. ಆ ಮಣ್ಣಿನ ಗುಡ್ಡಿ ಮ್ಯಾಲಿಂದ ನಾನೂ ನೀನೂ ಜಾರಿ ಚಡ್ಡಿ ಹರಕೊಂಡು ಬಡಿಸ್ಕೊಂಡೇವಿ. ಮರತಿಯೇನು?"

ಕೆಂಚಿ ಒಳಗೆ ಬೀಳದಿದ್ದರೆ ಆ ಮಧ್ಯಾಹ್ನ ಅಲ್ಲಿ ಮಲಗುತ್ತಿದ್ದವನು ಅಪ್ಪ. ಅದು ಅವನಿಗೂ ತಿಳಿಯಿತು. ಕೊಡಲಿಯ ಮಾತು ಮತ್ತೆ ಎತ್ತಲಿಲ್ಲ. ಆದರೆ ಸಂಜೆ ರೊಟ್ಟಿ ಮುರಿಯುತ್ತ, "ಗೊತ್ತಿತ್ತು ಅಂದ್ರ ಇಷ್ಟು ದಿನ ಯಾಕ ಸುಮ್ನಿದ್ದ? ಸುಮ್ನಿರಾಕೂ ಏನರ ಕಾರಣ ಇರಬೇಕಲ್ಲ" ಎಂದ. ಆಯಿ ತಟ್ಟೆ ಕುಕ್ಕಿದಳು. "ನಿನ್ನ ಹಡದಾಕಿ ನಾನೇ ಹೌದೋ ಅಲ್ಲೋ, ಅದನ್ನೂ ಒಮ್ಮಿ ವಿಚಾರಿಸಿ ಬಿಡಪಾ."

ಒದ್ದೆ ಜೋಳವನ್ನು ಪಡಸಾಲೆಯ ತುಂಬ ಹರವಿ ಒಣಗಿಸಿದೆವು. ಹಗೇವು ಖಾಲಿಯಾಯಿತು. ಕೆಂಚಿಗೆ ಮಾತ್ರ ಬುದ್ಧಿ ಬರಲಿಲ್ಲ, ಸತ್ತು ಬದುಕಿದ ಜಾಗವನ್ನೇ ಮತ್ತೆ ಹೋಗಿ ಕೆರೆಯುತ್ತಿತ್ತು. ಬೇವಿನ ಚೌಕಟ್ಟಿನ ಮೇಲೆ ಉಗುರಿನ ಗೆರೆ ಎದ್ದವು.

ಗಣೇಶ ಚೌತಿ ಕಳೆದಿತ್ತು, ಆಕಾಶದಲ್ಲಿ ಭಾರತದ ದಂಡಿನ ವಿಮಾನ ಬಂದವು. ವಾರ ಕಳೆಯುವುದರೊಳಗೆ ನಿಜಾಮರ ಸರ್ಕಾರ ಹೋಯಿತು ಎಂದರು. ಊರಲ್ಲಿ ಪೇಡೆ ಹಂಚಿದರು, ನಾನೂ ತಿಂದೆ. ಹೆದರುತ್ತಿದ್ದವರೆಲ್ಲ ಬೀದಿಗೆ ಬಂದರು. ಹಿಂದೆಯೇ ಸಂಶಯ ಮಗ್ಗುಲು ಬದಲಿಸಿತು. ಯಾರ ಮನೆಯಲ್ಲಿ ಏನು ಬಚ್ಚಿಟ್ಟಿದ್ದಾರೆ, ಯಾರು ಯಾರಿಗೆ ಸುದ್ದಿ ಕೊಟ್ಟಿದ್ದರು ಎಂದು ಈಗ ಮೌಲಾ ಕಾಕಾನಂಥವರ ಮನೆಗಳ ಕಡೆ ಬೆರಳು. ಬೇರೆ ಊರುಗಳಿಂದ ಬಡಿಗೆ ಕೊಡಲಿ ಹಿಡಿದ ಗುಂಪು ಬರುತ್ತಿದೆ, ಹಿಂದಿನದಕ್ಕೆಲ್ಲ ಸೇಡು ತೀರಿಸುತ್ತಿದೆ ಎಂಬ ಸುದ್ದಿ ಬಂತು. ಮೌಲಾ ಕಾಕಾ ಯಾರಿಗೂ ಏನೂ ಮಾಡಿದವನಲ್ಲ, ಗಾದಿ ತುಂಬಿದವನು. ಗುಂಪು ಅದನ್ನು ಕೇಳಿಕೊಂಡು ಬರುತ್ತದೆಯೇ?

ಅಪ್ಪ ಯಾರಿಗೂ ಏನೂ ಹೇಳದೆ ಹಗೇವಿನ ಕಲ್ಲು ಸರಿಸಿದ. ಈ ಸಲ ಕೊಟ್ಟಿಗೆಯ ಬಾಗಿಲು, ಕಿಟಕಿ ಎಲ್ಲ ತೆರೆದಿಟ್ಟ. ಹಗಲೂ ರಾತ್ರಿ ಬಾಯಿ ತೆರೆದೇ ಇತ್ತು. ಮರುದಿನ ನಸುಕಿನಲ್ಲಿ ಹಾರೆ ತೆಗೆದುಕೊಂಡು, ತಾನೇ ತುಂಬಿದ ಕಿಂಡಿಯ ಮಣ್ಣು ಕೆಡವಿ, ಒಬ್ಬರು ನುಸುಳುವಷ್ಟು ದೊಡ್ಡದು ಮಾಡಿದ. ಆಚೆಗೆ ತಲೆ ಹಾಕಿ, "ಬರ್ರಿ ಇತ್ತ" ಎಂದ.

ಕಾಕಾ, ಕಾಕಿ ಬಂದು ಹಗೇವಿನ ಮುಂದೆ ನಿಂತರು. ಕಾಕಿ ಅಪ್ಪನ ಮುಖ ನೋಡಿದಳು. ವರ್ಷವಿಡೀ ಅಪ್ಪ ಅವರ ಮನೆಯ ಕಡೆ ನೋಡಿದ ಅದೇ ನೋಟ. ಒಳಗೆ ಇಳಿದ ಮೇಲೆ ಬಾಯಿ ಮುಚ್ಚುವುದು ಇವನ ಕೈಯಲ್ಲಿತ್ತಲ್ಲ. ಕಾಕಾ ಮೆಲ್ಲಗೆ ಕೇಳಿದ:

"ಶರಣಪ್ಪಾ, ನಾ ಒಮ್ಮಿ ದೀಪ ಇಳಿಸಿ ನೋಡ್ಲೇನು?"

"ನಾ ಆಗಳೇ ನೋಡೀನಿ" ಎಂದ ಅಪ್ಪ. ಆಮೇಲೆ ತಾನೇ ಹಗ್ಗ ತಂದು ಅವನ ಕೈಗಿಟ್ಟ. "ನೋಡು. ನೀನೂ ನೋಡು."

ದೀಪ ತಳದಲ್ಲಿ ನೆಟ್ಟಗೆ ಉರಿಯಿತು. ಇಬ್ಬರೂ ಇಳಿದರು. ಅಪ್ಪ ಕಲ್ಲು ಹಾಕಲಿಲ್ಲ. ಅಡ್ಡ ಕೋಲಿಟ್ಟು, ಗಾಳಿ ಆಡುವ ಹಾಗೆ ಮೇಲೆ ಜೋಳದ ಒಣದಂಟಿನ ಕಣಿಕೆ ಒಟ್ಟಿದ. ಗೋಡೆಯ ಕಿಂಡಿಗೆ ಅಡ್ಡಲಾಗಿ ಅವ್ವ ಸೆಗಣಿಯ ಕುಳ್ಳು ಪೇರಿಸಿದಳು.

ಬಿಸಿಲು ಏರುವ ಮುನ್ನವೇ ಆ ಗುಂಪಿನವರು ಬಂದರು. ಕಾಕಾನ ಮನೆ ಖಾಲಿ ಕಂಡು ನಮ್ಮಲ್ಲಿಗೆ ನುಗ್ಗಿದರು. "ಪಿಂಜಾರ ಎಲ್ಲಿ ಹೋದ?" ಎಂದರೆ ಅಪ್ಪ, "ನನಗೇನ್ ಗೊತ್ತರಿ, ನಾ ಬ್ಯಾಸಗಿಂದ ಅವರ ಕೂಡ ಮಾತು ಬಿಟ್ಟೀನಿ" ಎಂದ. ಅದು ಪೂರಾ ಸುಳ್ಳೇನಲ್ಲ, ಊರಿಗೆಲ್ಲ ಗೊತ್ತಿದ್ದದ್ದೇ. ಆದರೂ ಒಬ್ಬ ಕೊಟ್ಟಿಗೆಗೆ ಬಂದ. ಆಗ ಕೆಂಚಿ, ಕಟ್ಟಿದ ಹಗ್ಗ ಜಗ್ಗಿ ಕಣಿಕೆಯ ಹತ್ತಿರ ಹೋಗಿ, ಚೌಕಟ್ಟಿನ ಅಂಚನ್ನು ಪರಪರ ಕೆರೆಯತೊಡಗಿತು. ತನಗೆ ಬೇಕಾದವರು ಒಳಗಿದ್ದಾರೆ ಎಂದು ಬಾಲ ಬೇರೆ ಆಡಿಸುತ್ತಿತ್ತು.

"ಈ ನರಿ ಅಲ್ಲೇನ್ ಕೆರ್ಯಾಕತ್ತದ?" ಎಂದ ಅವನು.

"ಇಲಿ ಅವರಿ" ಎಂದ ಅಪ್ಪ. ಆ ಮನುಷ್ಯ ಬಡಿಗೆಯ ತುದಿಯನ್ನು ಕಣಿಕೆಗೆ ಚುಚ್ಚಿದ.

ನಾನು ಓಡಿಹೋಗಿ ಕೆಂಚಿಯ ಹಗ್ಗ ಬಿಚ್ಚಿದೆ. ಅದು ಹೋಗಲಿಲ್ಲ. ನನ್ನ ಕೈ ನೆಕ್ಕಿ ಮತ್ತೆ ಕೆರೆಯಲು ತಿರುಗಿತು. ಎಳೆದೆ, ಬರಲಿಲ್ಲ. ಗೋದಲಿಯ ಬಳಿ ಬಿದ್ದಿದ್ದ ಕಲ್ಲೊಂದು ಕೈಗೆ ಸಿಕ್ಕಿತು. ಬಲವಾಗಿ ಒಗೆದೆ. ಅದರ ಪಕ್ಕೆಗೆ ಬಿತ್ತು. ಕುಂಯ್ ಎಂದು ನನ್ನ ಕಡೆ ನೋಡಿತು. ನಾನು ಇನ್ನೊಂದು ಕಲ್ಲೆತ್ತಿ, "ಹೋಗ!" ಎಂದು ಚೀರಿದೆ. ಅದು ನನ್ನಿಂದ ಒಂದು ಹೆಜ್ಜೆ ಹಿಂದೆ ಸರಿಯಿತು, ಮೊದಲ ಸಲ. ಆಮೇಲೆ ಆ ಮನುಷ್ಯನ ಕಾಲುಗಳ ನಡುವಿನಿಂದ, ಅಂಗಳದ ಗುಂಪಿನ ನಡುವಿನಿಂದ ನುಗ್ಗಿ, ಬೇಲಿ ಹಾರಿ ತೊಗರಿಯ ಹೊಲದಲ್ಲಿ ಮಾಯವಾಯಿತು.

ಗುಂಪು ಹೋ ಎಂದಿತು. "ನರಿ, ನರಿ! ಮುಂಜಾನೆದ್ದು ನರಿ ಮಾರಿ ಕಂಡೇವಿ" ಎಂದು ಅಂಗಳದಲ್ಲಿ ನಗೆಯೆದ್ದಿತು. ಕೊಟ್ಟಿಗೆಯಲ್ಲಿದ್ದವನೂ ಬಡಿಗೆ ಕಿತ್ತುಕೊಂಡು ನೋಡಲು ಹೊರಗೆ ಓಡಿದ. ಆಯಿ ಬಾಗಿಲಲ್ಲಿ ಕೂತವಳು ಸುಮ್ಮನಿರಲಿಲ್ಲ. "ಅದು ಹ್ವಾದ ದಿಕ್ಕಿಗೇ ಹೋಗ್ರಿ, ಹಿಡಿದ ಕೆಲಸ ಆಗ್ತದ" ಎಂದಳು. ನರಿ ಹೋದದ್ದು ಊರ ಹೊರಗಿನ ಕಡೆಗೆ. ಅವರು ನಗುತ್ತಲೇ ಹೋದರು.

ಮೇಲೆ ಬಂದ ಮೌಲಾ ಕಾಕಾ ಮೊದಲು ಕೇಳಿದ್ದು, "ಕೆಂಚಿ ಎಲ್ಲದ? ಮ್ಯಾಲ ಕೆರ್ಯಾಕತ್ತಿತ್ತಲ್ಲ" ಎಂದು. ನನ್ನ ಕೈಯಲ್ಲಿ ಎರಡನೆಯ ಕಲ್ಲು ಇನ್ನೂ ಇತ್ತು. ಹುಸೇನಬಿ ಕಾಕಿ ಅದನ್ನು ಬಿಡಿಸಿ ತೆಗೆದು, ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು.

ಗದ್ದಲ ತಣಿಯುವವರೆಗೆ ಅವರು ಕಾಕಿಯ ತವರು ಹುಮನಾಬಾದಿನಲ್ಲಿದ್ದು, ಜೋಳದ ಸುಗ್ಗಿಗೆ ಮರಳಿದರು. ಕಿಂಡಿಯನ್ನು ಅಪ್ಪ ಮತ್ತೆ ಮುಚ್ಚಲಿಲ್ಲ. ಹಾಗೆಂದು ಅವನ ಸ್ವಭಾವ ಬದಲಾಯಿತೆಂದು ಯಾರೂ ತಿಳಿಯಬಾರದು. ಕಾಕಾ ತಂದ ಮಜ್ಜಿಗೆಯನ್ನು ಸಾಯುವವರೆಗೂ ಮೂಸಿಯೇ ಕುಡಿದ. ಕಾಕಾನೂ ಅಷ್ಟೇ, ನಮ್ಮಲ್ಲಿ ಹಗೇವು ತೆಗೆದಾಗೆಲ್ಲ ಗೋಡೆಯಾಚೆಯಿಂದ "ದೀಪ ಇಳಿಸೀಯೇನೋ?" ಎಂದು ಒದರದೆ ಇರುತ್ತಿರಲಿಲ್ಲ. ಕೆಂಚಿ ಬರಲಿಲ್ಲ. ಆ ಚಳಿಗಾಲ ತೊಗರಿಯ ಹೊಲದಲ್ಲಿ ನರಿಗಳು ಊಳಿಟ್ಟಾಗ ನಾನು ರೊಟ್ಟಿ ಹಿಡಿದು ಬೇಲಿಯವರೆಗೆ ಹೋಗಿ ಕರೆದಿದ್ದೇನೆ. ದೂರದಲ್ಲಿ ಒಂದು ನಿಂತು ನೋಡುತ್ತಿತ್ತು. ನಾನು ಹೆಜ್ಜೆ ಮುಂದಿಟ್ಟರೆ ಅದು ಹಿಂದಿಡುತ್ತಿತ್ತು. ಬದುಕುವುದಕ್ಕೆ ಅದಕ್ಕೆ ಬೇಕಾಗಿದ್ದದ್ದು ಆ ಅಂಜಿಕೆಯೇ ಎಂದು ಆಯಿ ಸಮಾಧಾನ ಹೇಳಿದಳು. ನನಗೆ ಸಮಾಧಾನವಾಗಲಿಲ್ಲ, ಈಗಲೂ ಆಗಿಲ್ಲ.

ಹಣತೆ ಬಂತು. ಹಗ್ಗ ಕಟ್ಟಿ ನಾನೇ ಇಳಿಸಿದೆ. ತಳ ಮುಟ್ಟಿತು, ಉರಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಚಿಕ್ಕವಳು ಮಣ್ಣು ಕೊಡವಿ ಬೇವಿನ ಚೌಕಟ್ಟು ಸವರುತ್ತ, "ಆಯೀ, ಇಲ್ಲಿ ಯಾರೋ ಗೀರ್ಯಾರ" ಎಂದಳು. ಬಗ್ಗಿ ಬೆರಳಿಟ್ಟು ನೋಡಿದೆ. ಸಣ್ಣ ಗೆರೆಗಳು, ಒಂದರ ಪಕ್ಕ ಒಂದು.

"ಕೆಂಚಿ ಗೀರಿದ್ದು."

"ಕೆಂಚಿ ಅಂದ್ರ ಯಾರು?"

"ನನ್ನ ಮ್ಯಾಲ ಒಂದೀಟೂ ಸಂಶಯ ಇಲ್ಲದಾಕಿ" ಎಂದೆ. ಕಲ್ಲಿನ ವಿಷಯ ಅವಳಿಗೆ ಹೇಳಲಿಲ್ಲ.